ಆನೆಮರಿ ದೂರದಿಂದ ಕಂಡ ವಿಯೆನ್ನಾ

ಯುರೋಪಿಗೆ ಹೋಗಿ ಬಂದವರ ಹತ್ತಿರ ಐಫೆಲ್ ಟವರ್ ಮುಂದೆ ನಿಂತ ಫೋಟೋ ಇರುತ್ತೆ. ನನ್ನ ಹತ್ತಿರ ಇರೋದು ಮುಚ್ಚಿದ ಬಾಗಿಲುಗಳ ಫೋಟೋ. ಒಪೆರಾ ಬಾಗಿಲು, ಮ್ಯೂಸಿಯಂ ಬಾಗಿಲು, ಕಾಫಿ ಹೌಸ್ ಬಾಗಿಲು... ಎಲ್ಲವೂ ಬಹಳ ಚೆನ್ನಾಗಿವೆ :)

2020ರ ಫೆಬ್ರವರಿಯಲ್ಲಿ ಆಫೀಸಿನವರು ಆರು ತಿಂಗಳಿಗೆ ಅಂತ ನನ್ನನ್ನ ವಿಯೆನ್ನಾಕ್ಕೆ ಕಳಿಸಿದ್ರು. ಮೊದಲ ಆನ್‌ಸೈಟ್. ನೋಡಬೇಕಾದ ಜಾಗಗಳಿಗೆಲ್ಲ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಮಾರ್ಚ್ 16ಕ್ಕೆ ಲಾಕ್‌ಡೌನ್ ಶುರುವಾಯ್ತು. ಶೋನ್‌ಬ್ರೂನ್ ಅರಮನೆಯ ತೋಟಕ್ಕೂ ಏಪ್ರಿಲ್ ಮಧ್ಯದವರೆಗೆ ಬೀಗ. ಒಬ್ಬರೇ ನಡೆದಾಡೋದಕ್ಕೆ ಮಾತ್ರ ಅಡ್ಡಿ ಇರಲಿಲ್ಲ. ಸರಿ, ಲಾಗ್ ಔಟ್ ಆದ ಮೇಲೆ ದಿನಾ ಸಂಜೆ ನಡಿಗೆ. ಭಾನುವಾರ ನಂಜನಗೂಡಿಗೆ, ದೊಡ್ಡಪ್ಪನಿಗೆ ಫೋನು. ಅವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ರಿಟೈರ್ ಆದವರು. ವರ್ಷಗಟ್ಟಲೆ ಯುರೋಪಿನ ಇತಿಹಾಸ ಪಾಠ ಮಾಡಿದ್ರೂ ಕರ್ನಾಟಕದ ಗಡಿ ದಾಟಿದ್ದು ತಿರುಪತಿಗೆ ಮಾತ್ರ. "ಏನೋ ನೋಡ್ದೆ ಈ ವಾರ?" ಅನ್ನೋದೇ ಮೊದಲ ಪ್ರಶ್ನೆ. ಆರೋಗ್ಯ, ಊಟ ಎಲ್ಲ ಆಮೇಲೆ.

ಅಲ್ಲಿನ ಸರ್ಕಾರ ಜನರ ನಡುವೆ ಒಂದು ಮೀಟರ್ ಅಂತರ ಇರಲಿ ಅನ್ನೋದಕ್ಕೆ "ನಡುವೆ ಒಂದು ಆನೆಮರಿ ನಿಂತಿದೆ ಅಂದ್ಕೊಳ್ಳಿ" ಅಂತ ಪ್ರಚಾರ ಮಾಡಿತ್ತು. 'ಆನೆಮರಿ' ಎಷ್ಟು ಬಳಕೆಗೆ ಬಂತು ಅಂದ್ರೆ ಆಸ್ಟ್ರಿಯಾದ 2020ರ 'ವರ್ಷದ ಪದ' ಅದೇ ಆಯ್ತು. ದಸರಾ ನೋಡ್ಕೊಂಡು ಬೆಳೆದ ನಮ್ಮ ಕಡೆಯವರಿಗೆ ಈ ಅಳತೆ ಕಲಿಸಬೇಕೇ! ದೊಡ್ಡಪ್ಪ ಇದನ್ನ ಕೇಳಿ ನಕ್ಕಿದ್ದೇ ನಕ್ಕಿದ್ದು. "ಅಂಬಾರಿ ಆನೆಯಷ್ಟು ದೂರ ಇರು, ಮರಿ ಸಾಕಾಗಲ್ಲ" ಅಂದ್ರು.

ಖಾಲಿ ಊರಲ್ಲಿ ತಿರುಗುತ್ತಾ ತಿರುಗುತ್ತಾ ಒಂದು ವಿಷಯ ಗೊತ್ತಾಯ್ತು. ವಿಯೆನ್ನಾದಲ್ಲಿ ಪ್ರವಾಸಿಗರು ನೋಡೋ ಎಷ್ಟೋ ಜಾಗಗಳು ಹಳೆಯ ಸಾಂಕ್ರಾಮಿಕಗಳು ಬಿಟ್ಟುಹೋದವು. ಕಾರ್ಲ್ಸ್‌ಕಿರ್ಖೆ ಅಂತ ಹಸಿರು ಗುಮ್ಮಟದ ದೊಡ್ಡ ಚರ್ಚ್ ಇದೆ. 1713ರ ಪ್ಲೇಗಿನಲ್ಲಿ ಆರನೇ ಚಾರ್ಲ್ಸ್ ಚಕ್ರವರ್ತಿ ಹೊತ್ತ ಹರಕೆ ಅದು. ಹಳೆಯ ಜನರಲ್ ಆಸ್ಪತ್ರೆ ಈಗ ಯೂನಿವರ್ಸಿಟಿ ಕ್ಯಾಂಪಸ್. 1847ರಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು, ಹೆರಿಗೆ ವಾರ್ಡಿಗೆ ಹೋಗೋ ಮುಂಚೆ ಕೈ ತೊಳೀರಪ್ಪಾ ಅಂತ ಉಳಿದ ಡಾಕ್ಟರುಗಳಿಗೆ ಹೇಳಿದ್ದು ಅಲ್ಲೇ. ಬಾಣಂತಿಯರ ಸಾವು ಕಡಿಮೆಯಾದ್ರೂ ಬಹಳ ಜನ ಒಪ್ಪಲಿಲ್ಲ. ನಾನು ಅಲ್ಲಿಗೆ ಹೋದಾಗ ಜೇಬಿನಲ್ಲಿ ಸ್ಯಾನಿಟೈಸರ್ ಬಾಟಲಿ ಇತ್ತು.

ಎಲ್ಲಕ್ಕಿಂತ ಹೆಚ್ಚು ಸಲ ನೋಡಿದ್ದು ಗ್ರಾಬೆನ್ ಬೀದಿಯ ಪ್ಲೇಗ್ ಕಂಬ. 1679ರಲ್ಲಿ ಪ್ಲೇಗ್ ಬಂದಾಗ ಲಿಯೋಪೋಲ್ಡ್ ಚಕ್ರವರ್ತಿ ಊರು ಬಿಟ್ಟು ಹೋಗಿ, ರೋಗ ನಿಂತರೆ ಕಂಬ ಕಟ್ಟಿಸ್ತೀನಿ ಅಂತ ಹರಕೆ ಹೊತ್ತ. ಅಮೃತಶಿಲೆಯ ಕಂಬ ಮುಗಿದಿದ್ದು 1693ಕ್ಕೆ. ಮೇಲೆಲ್ಲ ಮೋಡ, ದೇವದೂತರು, ನಡುವೆ ಮಂಡಿಯೂರಿದ ಚಕ್ರವರ್ತಿ. ಬುಡದಲ್ಲಿ ಒಬ್ಬ ಕುರೂಪಿ ಮುದುಕಿ ತಲೆಕೆಳಗಾಗಿ ಬೀಳ್ತಿದ್ದಾಳೆ. ಅವಳೇ ಪ್ಲೇಗು. ಶಿಲುಬೆ ಹಿಡಿದ ಹೆಂಗಸು, ಪಂಜು ಹಿಡಿದ ಪುಟ್ಟ ದೇವದೂತ ಇಬ್ಬರೂ ಸೇರಿ ಅವಳನ್ನ ತಳ್ತಿದ್ದಾರೆ. 2020ರ ಆ ವಸಂತದಲ್ಲಿ ಜನ ಮತ್ತೆ ಈ ಕಂಬದ ಹತ್ತಿರ ಮೇಣದ ಬತ್ತಿ, ಮಕ್ಕಳು ಬರೆದ ಚಿತ್ರ ತಂದಿಡ್ತಿದ್ರು.

ಇದನ್ನ ಹೇಳಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, "ನೋಡು, ಅವರು ಮುದುಕಿ ಅಂತ ಒದ್ದು ಓಡಿಸಿದ್ರು. ನಾವು ಅಮ್ಮ ಅಂತ ಕರೆದು, ಮೊಸರನ್ನ ಇಟ್ಟು, ತಂಪು ಮಾಡಿ ಊರ ಗಡಿ ದಾಟಿಸಿದ್ವಿ. ಹೆದರಿಕೆ ಮಾತ್ರ ಇಬ್ಬರದೂ ಒಂದೇ." 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಆಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು, ತ್ಯಾಗರಾಜನಗರದಲ್ಲಿ ಪ್ಲೇಗಮ್ಮನಿಗೆ ಗುಡಿ ಇರೋದು, ನಮ್ಮ ಮುತ್ತಜ್ಜಿ ಮನೆಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದು... ಆವತ್ತು ಒಂದು ಗಂಟೆ ಪಾಠ ಆಯ್ತು. ಫೋನಿನಲ್ಲಿ.

ಆರು ತಿಂಗಳು ಅಂದಿದ್ದು ಒಂದೂವರೆ ವರ್ಷ ಆಯ್ತು.

2021ರ ಏಪ್ರಿಲ್ ಕೊನೆಗೆ ದೊಡ್ಡಪ್ಪನಿಗೆ ಜ್ವರ ಬಂತು. ಆ ದಿನಗಳು ಹೇಗಿದ್ವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವಿಯೆನ್ನಾದಲ್ಲಿ ಕೂತು ರಾತ್ರಿಯೆಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಬಂದ ನಂಬರುಗಳಿಗೆ ಫೋನ್ ಮಾಡಿದೆ. ಅರ್ಧ ಸ್ವಿಚ್ ಆಫ್. ಆಕ್ಸಿಜನ್ ಬೆಡ್ ಸಿಕ್ಕಿತು, ಒಂದೂವರೆ ದಿನ ತಡವಾಗಿ. ಮೇ ಮೊದಲ ವಾರ ಹೋಗಿಬಿಟ್ರು. ಅಣ್ಣ ದೂರದಿಂದ ನೋಡಿದ. ಅವನು ಹಿಡಿದ ಮೊಬೈಲಿನಲ್ಲಿ ನಾನು ನೋಡಿದೆ. ನೆಟ್‌ವರ್ಕ್ ಎರಡು ಸಲ ಕಟ್ ಆಯ್ತು.

ಮಾರನೇ ದಿನ ಗ್ರಾಬೆನ್‌ಗೆ ಹೋದೆ. ಕಂಬದ ಮೇಲೆ ಚಕ್ರವರ್ತಿ ಇದ್ದ. ಸತ್ತವರ ಒಂದು ಹೆಸರೂ ಇರಲಿಲ್ಲ. ಆ ಪ್ಲೇಗಿನ ಸಾಮಾನ್ಯ ಜನರಲ್ಲಿ ಊರಿಗೆಲ್ಲ ನೆನಪಿರೋದು ಆಗಸ್ಟಿನ್ ಒಬ್ಬನೇ. ಕುಡಿದು ಬಿದ್ದವನನ್ನ ಹೆಣ ಅಂದ್ಕೊಂಡು ಗುಂಡಿಗೆ ಎಸೆದ್ರಂತೆ, ಬೆಳಿಗ್ಗೆ ಎದ್ದು ಬಂದನಂತೆ. ಅದೂ ದಂತಕಥೆ. ಉಳಿದವರಿಗೂ ಭಾನುವಾರ ಫೋನ್ ಮಾಡೋ ತಮ್ಮನ ಮಗನಂಥವರು ಇದ್ದಿರಬೇಕಲ್ಲ, ಅವರೆಲ್ಲ ಏನು ಮಾಡಿದ್ರು ಅಂತ ಯೋಚಿಸ್ತಾ ನಿಂತಿದ್ದೆ.

ಅದೇ ತಿಂಗಳು ಮ್ಯೂಸಿಯಂ ತೆರೆದಿತ್ತು. ಎಫ್‌ಎಫ್‌ಪಿ2 ಮಾಸ್ಕ್ ಹಾಕ್ಕೊಂಡು ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂನ ಬ್ರೂಗೆಲ್ ಕೋಣೆಗೆ ಹೋದೆ. ಹತ್ತು ಜನವೂ ಇರಲಿಲ್ಲ. 1560ರಲ್ಲಿ ಬರೆದ ಮಕ್ಕಳಾಟದ ಚಿತ್ರವೊಂದಿದೆ ಅಲ್ಲಿ. ಬೀದಿ ತುಂಬ ಮಕ್ಕಳು, ಒಬ್ಬರ ಮೇಲೊಬ್ಬರು ಬಿದ್ದು ಆಡ್ತಿದ್ದಾರೆ, ನಡುವೆ ಆನೆಮರಿಗೆ ಜಾಗವೇ ಇಲ್ಲ. ಬುಗುರಿ ಇದೆ, ಕಣ್ಣಾಮುಚ್ಚಾಲೆ ಇದೆ, ಕಲ್ಲಾಟದಂಥದ್ದೂ ಒಂದಿದೆ. ಎಲ್ಲ ಆಟಗಳನ್ನೂ ಒಂದೊಂದಾಗಿ ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡೆ, ಭಾನುವಾರ ಹೇಳೋಕೆ ಅಂತ.

ಆ ಪಟ್ಟಿ ಇನ್ನೂ ಮೊಬೈಲಿನಲ್ಲಿದೆ. ನೀವು ವಿಯೆನ್ನಾಕ್ಕೆ ಹೋದ್ರೆ ಕಂಬದ ಬುಡಕ್ಕೆ ಬಗ್ಗಿ ಆ ಮುದುಕಿಯನ್ನೊಮ್ಮೆ ನೋಡಿ. ಬಂದು ಯಾರಿಗಾದ್ರೂ ಹೇಳಿ.