ಕೈಹಿಡಿದವಳ ಮಾತು

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದವರ ನೆಮ್ಮದಿಯೂ ಹಾಸಿಗೆ ಹಿಡಿಯುತ್ತದೆ. ರೋಗಿಯು ನೋವನ್ನು ಉಣ್ಣುತ್ತಾನೆ. ಬಳಿಯಲ್ಲಿ ಕುಳಿತವರು ಭಯವನ್ನು ಉಣ್ಣುತ್ತಾರೆ. ಔಷಧ ತರುವುದು, ಹೊತ್ತುಹೊತ್ತಿಗೆ ಹಾಲು ಗಂಜಿಗಳನ್ನು ಕೊಡುವುದು, ರಾತ್ರಿಯೆಲ್ಲ ಎಚ್ಚರವಾಗಿರುವುದು, ಇವು ಕಷ್ಟವಾದರೂ ಮಾಡಬಹುದಾದ ಕೆಲಸಗಳು. ಇವೆಲ್ಲಕ್ಕಿಂತ ಕಠಿನವಾದುದು ಇನ್ನೊಂದಿದೆ. ಮಲಗಿರುವವರು ಎಷ್ಟೇ ನಿತ್ರಾಣರಾಗಿದ್ದರೂ ಅವರಿಗೆ ತಮ್ಮದೇ ಆದ ಮನಸ್ಸೊಂದು ಉಂಟೆಂಬುದನ್ನು ಮರೆಯದಿರುವುದೇ ಅದು. ಮಹಾತ್ಮಾ ಗಾಂಧಿಯವರು ಈ ಪರೀಕ್ಷೆಗೆ ಒಳಗಾದುದು 1909ರ ಆರಂಭದಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿ.

ಗಾಂಧೀಜಿಯೂ ಅವರ ಪತ್ನಿ ಕಸ್ತೂರಬಾ ಅವರೂ ಹುಟ್ಟಿದುದು ಒಂದೇ ವರ್ಷ, 1869ರಲ್ಲಿ. ಹದಿಮೂರರ ಎಳೆಯ ವಯಸ್ಸಿನಲ್ಲಿ ಇಬ್ಬರಿಗೂ ಮದುವೆಯಾಯಿತು. ಕಸ್ತೂರಬಾ ಹೆಚ್ಚು ಓದಿದವರಲ್ಲ. ಆದರೆ ತಮಗೆ ಸರಿತೋರದುದಕ್ಕೆ ತಲೆಬಾಗುವವರೂ ಅಲ್ಲ. ಗಂಡನೆಂಬ ಅಧಿಕಾರದಿಂದ ಆಕೆಯನ್ನು ತಿದ್ದಲು ಹೊರಟಾಗಲೆಲ್ಲ ಗಾಂಧೀಜಿ ಸೋತಿದ್ದರು. 1898ರ ಸುಮಾರಿನಲ್ಲಿ ಇದೇ ಡರ್ಬನ್ನಿನ ಮನೆಯಲ್ಲಿ ಒಂದು ಜಗಳ ನಡೆದಿತ್ತು. ಮನೆಯಲ್ಲಿದ್ದ ಗುಮಾಸ್ತರೊಬ್ಬರ ಮೂತ್ರಪಾತ್ರೆಯನ್ನು ಕಸ್ತೂರಬಾ ಕಣ್ಣೀರಿಡುತ್ತ ಹೊತ್ತು ತಂದರು. ಅದನ್ನು ನಗುನಗುತ್ತ ಮಾಡಬೇಕೆಂದು ಪತಿಯ ಹಟ. ಕೋಪ ತಲೆಗೇರಿ, ಅವರು ಪತ್ನಿಯ ಕೈಹಿಡಿದು ಹೊರದೂಡಲು ಗೇಟಿನವರೆಗೆ ಎಳೆದೊಯ್ದರು. ನಾಚಿಕೆಯಾಗದೆ, ಈ ಪರದೇಶದಲ್ಲಿ ತಾನು ಹೋಗುವುದಾದರೂ ಎಲ್ಲಿಗೆ ಎಂದು ಕಸ್ತೂರಬಾ ಕೇಳಿದಾಗ ಅವರು ತಲೆತಗ್ಗಿಸಿ ಗೇಟನ್ನು ಮುಚ್ಚಿದರು. ಮುಂದೆ ಈ ತಪ್ಪನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದರು.

ಇದಾದ ಹತ್ತು ವರ್ಷಗಳ ಮೇಲೆ, 1908ರ ನವೆಂಬರಿನಲ್ಲಿ, ಕಸ್ತೂರಬಾ ಕಾಯಿಲೆ ಬಿದ್ದರು. ಆಗ ಟ್ರಾನ್ಸ್‌ವಾಲಿನಲ್ಲಿ ಸತ್ಯಾಗ್ರಹ ನಡೆದಿತ್ತು, ಗಾಂಧೀಜಿ ಸೆರೆಮನೆಯಲ್ಲಿದ್ದರು. ಡರ್ಬನ್ನಿನ ಬಳಿಯ ಫೀನಿಕ್ಸ್ ಆಶ್ರಮದಿಂದ ಅವರ ಮಿತ್ರ ವೆಸ್ಟ್ ತಂತಿ ಕಳುಹಿಸಿದರು. ದಂಡ ತೆತ್ತರೆ ಹೊರಬರಬಹುದಾಗಿತ್ತು. ಹಾಗೆ ಮಾಡಿದರೆ ಹೋರಾಟಕ್ಕೆ ಬೆನ್ನು ತೋರಿಸಿದಂತೆ. ಬರಲಾರೆನೆಂದು ಅವರು ನೊಂದ ಮನಸ್ಸಿನಿಂದ ಪತ್ನಿಗೆ ಕಾಗದ ಬರೆದರು. ಡಿಸೆಂಬರ್ 12ರಂದು ಬಿಡುಗಡೆಯಾಯಿತು.

ಪದೇ ಪದೇ ಆಗುತ್ತಿದ್ದ ರಕ್ತಸ್ರಾವದಿಂದ ಕಸ್ತೂರಬಾ ಕೃಶರಾಗಿದ್ದರು. ವೈದ್ಯಮಿತ್ರರೊಬ್ಬರು ಶಸ್ತ್ರಚಿಕಿತ್ಸೆ ಆಗಲೇಬೇಕೆಂದರು. ಮೊದಲು ಹಿಂಜರಿದರೂ ಆಕೆ ಒಪ್ಪಿದರು. ದೇಹ ತೀರ ಬಡವಾಗಿದ್ದುದರಿಂದ ಕ್ಲೋರೋಫಾರ್ಮ್ ಕೊಡುವುದು ಸಾಧ್ಯವಾಗಲಿಲ್ಲ. ಅರಿವಳಿಕೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಆ ಬಾಧೆಯನ್ನು ಕಸ್ತೂರಬಾ ಎದೆಗುಂದದೆ ಸಹಿಸಿದರು. ವೈದ್ಯರೂ ಅವರ ಪತ್ನಿಯೂ ಆದರದಿಂದ ಶುಶ್ರೂಷೆ ಮಾಡಿದರು. ಇನ್ನು ಚಿಂತೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ಗಾಂಧೀಜಿ ನೂರಾರು ಮೈಲಿ ದೂರದ ಜೋಹಾನ್ಸ್‌ಬರ್ಗಿಗೆ ಹಿಂದಿರುಗಿದರು.

ಕೆಲವೇ ದಿನಗಳಲ್ಲಿ ಸ್ಥಿತಿ ಬಿಗಡಾಯಿಸಿತು. ಕಸ್ತೂರಬಾ ಎದ್ದು ಕೂಡಲಾರದಾದರು. ಒಮ್ಮೆ ಪ್ರಜ್ಞೆಯೂ ತಪ್ಪಿತು. ರೋಗಿಗೆ ಗೋಮಾಂಸದ ಸಾರನ್ನು ಕೊಡಲು ಅನುಮತಿ ಬೇಕೆಂದು ವೈದ್ಯರು ಟೆಲಿಫೋನಿನಲ್ಲಿ ಕೇಳಿದರು. ರಕ್ತ ಕೊಡುವ ಚಿಕಿತ್ಸೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಪೆನಿಸಿಲಿನ್ ಕಂಡುಹಿಡಿದುದು 1928ರಲ್ಲಿ. ರೋಗಿಯ ಬಲವನ್ನು ಉಳಿಸಲು ವೈದ್ಯರಿಗೆ ಪುಷ್ಟಿಯ ಆಹಾರವೇ ಮುಖ್ಯ ಆಸರೆಯಾಗಿತ್ತು. ತಾನು ಅನುಮತಿ ಕೊಡಲಾರೆನೆಂದು ಗಾಂಧೀಜಿ ಉತ್ತರಿಸಿದರು. ಆದರೆ ಮಾತನಾಡುವ ಸ್ಥಿತಿಯಲ್ಲಿದ್ದರೆ ಆಕೆಯನ್ನೇ ಕೇಳಬಹುದು, ಆಕೆ ಸ್ವತಂತ್ರಳು ಎಂದರು. ರೋಗಿಯನ್ನು ಕೇಳಲು ವೈದ್ಯರು ಒಪ್ಪಲಿಲ್ಲ.

ಗಾಂಧೀಜಿ ಅಂದೇ ರೈಲು ಹತ್ತಿದರು. ಡರ್ಬನ್ನಿನಲ್ಲಿ ವೈದ್ಯರು ನಿಜಸಂಗತಿಯನ್ನು ತಿಳಿಸಿದರು: ಟೆಲಿಫೋನ್ ಮಾಡುವ ಮೊದಲೇ ಆ ಸಾರನ್ನು ರೋಗಿಗೆ ಕೊಟ್ಟಾಗಿತ್ತು. ಇದು ವಂಚನೆಯೆಂದು ಗಾಂಧೀಜಿ ನೊಂದು ನುಡಿದರು. ಪ್ರಾಣ ಉಳಿಸುವುದಕ್ಕಾಗಿ ರೋಗಿಯನ್ನೂ ಬಂಧುಗಳನ್ನೂ ಮರೆಮಾಚುವುದು ತಪ್ಪಲ್ಲ, ಅದು ಪುಣ್ಯವೇ ಎಂಬುದು ವೈದ್ಯರ ನಿಲುವು. ಅವರು ಕೆಟ್ಟವರಾಗಿರಲಿಲ್ಲ, ರೋಗಿ ಬದುಕಬೇಕೆಂಬ ಕಳಕಳಿಯಿಂದಲೇ ಹಾಗೆ ಮಾಡಿದ್ದರು. ಚಿಕಿತ್ಸೆಯಲ್ಲಿ ಪೂರ್ಣ ಸ್ವಾತಂತ್ರ್ಯ ಕೊಡದಿದ್ದರೆ ರೋಗಿಯನ್ನು ಕರೆದುಕೊಂಡು ಹೋಗಬೇಕೆಂದು ಅವರು ಖಂಡಿತವಾಗಿ ಹೇಳಿದರು.

ಈಗ ನಿರ್ಧಾರ ಯಾರದು? ವೈದ್ಯರ ಮಾತಿಗೆ ತಲೆದೂಗಿ ಸುಮ್ಮನಾಗಬಹುದಿತ್ತು. ಅಥವಾ ತಮ್ಮ ವ್ರತವನ್ನು ಪತ್ನಿಯ ಮೇಲೆ ಹೇರಿ ಕರೆದೊಯ್ಯಬಹುದಿತ್ತು. ಗಾಂಧೀಜಿ ಈ ಎರಡನ್ನೂ ಮಾಡಲಿಲ್ಲ. ಹಾಸಿಗೆಯ ಬಳಿಗೆ ಹೋಗಿ ನಡೆದುದೆಲ್ಲವನ್ನೂ ಕಸ್ತೂರಬಾ ಅವರಿಗೆ ತಿಳಿಸಿದರು. ಅಂತಹ ಸ್ಥಿತಿಯಲ್ಲಿ ಕೇಳುವುದು ನೋವಿನ ಕೆಲಸವೆಂದು ಅವರು ಬಲ್ಲರು. ಆದರೂ ಕೇಳಿದರು. ಅಂತಹ ಸಾರನ್ನು ಮುಟ್ಟೆನೆಂದೂ, ಅದಕ್ಕಿಂತ ಪತಿಯ ತೋಳಿನಲ್ಲಿ ಸಾಯುವುದೇ ಲೇಸೆಂದೂ ಆಕೆ ದೃಢವಾಗಿ ಉತ್ತರಿಸಿದರು. ಅಷ್ಟಕ್ಕೇ ಗಾಂಧೀಜಿ ತೃಪ್ತರಾಗಲಿಲ್ಲ. ತನ್ನ ದಾರಿಯನ್ನೇ ಆಕೆ ಹಿಡಿಯಬೇಕೆಂಬ ಕಟ್ಟುಪಾಡಿಲ್ಲವೆಂದರು. ಔಷಧವೆಂದು ಮಾಂಸ ಮದ್ಯಗಳನ್ನು ಸೇವಿಸಿದ ಪರಿಚಿತ ಹಿಂದೂಗಳ ಉದಾಹರಣೆ ಕೊಟ್ಟರು. ತಮ್ಮ ಮನಸ್ಸಿನ ಬಯಕೆಗೆ ವಿರುದ್ಧವಾಗಿ ತಾವೇ ವಾದಿಸಿದರು. ಕಸ್ತೂರಬಾ ಅಲುಗಲಿಲ್ಲ. ತಮ್ಮನ್ನು ಕೂಡಲೇ ಕರೆದೊಯ್ಯಬೇಕೆಂದರು.

ಗಾಂಧೀಜಿಗೆ ಹರ್ಷವಾಯಿತು, ಎದೆ ನಡುಗಿತು ಕೂಡ. ದಾರಿಯಲ್ಲಿಯೇ ಪ್ರಾಣ ಹೋದೀತೆಂದು ವೈದ್ಯರು ಎಚ್ಚರಿಸಿದರು. ಹೊರಗೆ ತುಂತುರು ಮಳೆ. ಬಿಸಿಹಾಲು, ಬಿಸಿನೀರು ತುಂಬಿದ ಸೀಸೆಗಳು, ಒಂದು ಜೋಲಿ, ಅದನ್ನು ಹೊರಲು 6 ಜನ, ಇಷ್ಟನ್ನು ಫೀನಿಕ್ಸ್ ನಿಲ್ದಾಣದಲ್ಲಿ ಸಿದ್ಧವಾಗಿಡುವಂತೆ ವೆಸ್ಟ್ ಅವರಿಗೆ ಮೊದಲೇ ಹೇಳಿ ಕಳುಹಿಸಿದರು. ರೋಗಿಯನ್ನು ರಿಕ್ಷಾದಲ್ಲಿ ಕೂರಿಸಿ ಹೊರಟರು. ದಾರಿಯಲ್ಲಿ ಧೈರ್ಯ ಹೇಳಿದವರು ಗಾಂಧೀಜಿಯಲ್ಲ, ಕಸ್ತೂರಬಾ! ತಮಗೇನೂ ಆಗದು, ಚಿಂತಿಸಬಾರದೆಂದು ಮೂಳೆ ಚಕ್ಕಳವಾಗಿದ್ದ ಆಕೆಯೇ ಪತಿಯನ್ನು ಸಂತೈಸಿದರು. ನಿಲ್ದಾಣದೊಳಕ್ಕೆ ರಿಕ್ಷಾ ಹೋಗುವಂತಿರಲಿಲ್ಲ. ಉದ್ದವಾದ ವೇದಿಕೆಯನ್ನು ದಾಟಬೇಕಾಗಿತ್ತು. ಗಾಂಧೀಜಿ ಪತ್ನಿಯನ್ನು ಎರಡು ತೋಳುಗಳಲ್ಲಿ ಎತ್ತಿಕೊಂಡು ನಡೆದು ಗಾಡಿಯಲ್ಲಿ ಮಲಗಿಸಿದರು. ಹತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಆಕೆಯನ್ನು ಗೇಟಿಗೆ ಎಳೆದೊಯ್ದ ಕೈಗಳೇ ಅವು.

ಫೀನಿಕ್ಸ್ ನಿಲ್ದಾಣದಿಂದ ಆಶ್ರಮ ಎರಡೂವರೆ ಮೈಲಿ. ಅಲ್ಲಿಗೆ ಜೋಲಿಯಲ್ಲಿ ಹೊತ್ತೊಯ್ದರು. ಜಲಚಿಕಿತ್ಸೆ ನಡೆಯಿತು, ಮೆಲ್ಲಮೆಲ್ಲನೆ ಶಕ್ತಿ ಮರಳಿತು. ಆದರೆ ಕೆಲಕಾಲದ ಮೇಲೆ ರಕ್ತಸ್ರಾವ ಮತ್ತೆ ತಲೆದೋರಿತು. ಉಪ್ಪನ್ನೂ ಬೇಳೆಕಾಳುಗಳನ್ನೂ ಬಿಡಬೇಕೆಂದು ಗಾಂಧೀಜಿ ಸಲಹೆ ಮಾಡಿದರು. ಕಸ್ತೂರಬಾ ಒಪ್ಪುವರೆ? ಯಾರಾದರೂ ಹೇಳಿದರೆ ನೀವಾದರೂ ಬಿಡುತ್ತಿದ್ದಿರಾ ಎಂದು ತಿರುಗಿ ಕೇಳಿದರು. ಆಕೆ ಬಿಡಲಿ, ಬಿಡದಿರಲಿ, ತಾನು ಒಂದು ವರ್ಷ ಬಿಟ್ಟೆನೆಂದು ಗಾಂಧೀಜಿ ಆ ಕ್ಷಣವೇ ಸಾರಿದರು. ಕಸ್ತೂರಬಾ ಬೆಚ್ಚಿದರು. ತಾವೂ ಬಿಡುವುದಾಗಿ ಮಾತು ಕೊಟ್ಟು, ಪ್ರತಿಜ್ಞೆಯನ್ನು ಹಿಂತೆಗೆದುಕೊಳ್ಳಬೇಕೆಂದು ಬೇಡಿದರು. ಅವರು ಕೇಳದಿದ್ದಾಗ, ಇಂತಹ ಹಟಮಾರಿಯ ಜೊತೆ ಏಗುವುದು ಹೇಗೆಂದು ಅತ್ತುಬಿಟ್ಟರು. ಹಟ ಇಬ್ಬರಲ್ಲಿಯೂ ಇದ್ದಿತು; ಆದರೆ ಗಂಡನ ಹಟ ಈಗ ತನ್ನ ನಾಲಗೆಯ ಮೇಲೆ ತಿರುಗಿತ್ತು. ರಕ್ತಸ್ರಾವ ನಿಂತಿತು. ಅದಕ್ಕೆ ಪಥ್ಯವೇ ಕಾರಣವೆಂದು ಗಾಂಧೀಜಿಯೂ ಖಂಡಿತವಾಗಿ ಹೇಳಲಿಲ್ಲ.

ವೈದ್ಯರ ಮಾತನ್ನು ಮೀರಬೇಕೆಂಬುದು ಈ ಪ್ರಸಂಗದ ಪಾಠವಲ್ಲ. ಆ ಮಳೆಯ ಪಯಣದ ಕೊನೆ ಬೇರೆಯೂ ಆಗಬಹುದಿತ್ತು. ರೋಗಿಯ ದೇಹದ ಬಗ್ಗೆ ರೋಗಿಯನ್ನೇ ಕೇಳಬೇಕೆಂಬುದು ಇಲ್ಲಿಯ ತಿರುಳು. ಇಂದು ಇದು ನ್ಯಾಯದ ಮಾತೂ ಆಗಿದೆ. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಒಪ್ಪಿಗೆ ಕೊಡಬಲ್ಲ ರೋಗಿಯನ್ನು ಕೇಳದೆ ಬಂಧುಗಳ ಒಪ್ಪಿಗೆಯಿಂದಲೇ ಶಸ್ತ್ರಚಿಕಿತ್ಸೆ ಮಾಡುವುದು ಸಲ್ಲದೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ತೀರ್ಪು ನೀಡಿತು.

ಕಸ್ತೂರಬಾ ಆಮೇಲೆ 35 ವರ್ಷ ಬದುಕಿದರು. ಸತ್ಯಾಗ್ರಹಿಯಾಗಿ ಹಲವು ಬಾರಿ ಸೆರೆಮನೆ ಕಂಡರು. 1944ರ ಫೆಬ್ರವರಿ 22ರಂದು, ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ, ಪತಿಯ ತೊಡೆಯ ಮೇಲೆ ತಲೆಯಿಟ್ಟು ಕೊನೆಯುಸಿರೆಳೆದರು. ಡರ್ಬನ್ನಿನ ಹಾಸಿಗೆಯಲ್ಲಿ ಆಕೆ ಆಡಿದ ಮಾತು ಅಂದು ನಿಜವಾಯಿತು.