ನ್ಯೂಟ್ರಲ್ ಎಂಬ ಮಾಯಾಮೃಗ

ಬೈಕ್ ಓಡಿಸೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಓಡಿಸದವರು ಸ್ವಲ್ಪ ಸಹಿಸ್ಕೊಳ್ಳಿ.

ಸಿಗ್ನಲ್ಲಲ್ಲಿ ಕೆಂಪು ದೀಪ ಬಿದ್ದಿದೆ. ಟೈಮರ್ 110, 109, 108 ಅಂತ ಇಳೀತಾ ಇದೆ. ಎಡಗೈಲಿ ಕ್ಲಚ್ ಹಿಡಿದಿದ್ದೀನಿ, ಗಾಡಿ ಫಸ್ಟ್ ಗೇರಲ್ಲಿದೆ. ಕಾಲ್ಬೆರಳಲ್ಲಿ ಮೆಲ್ಲಗೆ ಎತ್ತಿದೆ, ಅಲ್ಲಾಡಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಎತ್ತಿದೆ, 'ಟಕ್' ಅಂತ ಸೆಕೆಂಡಿಗೆ ಹೋಯ್ತು. ಒತ್ತಿದೆ, ಫಸ್ಟ್. ಎತ್ತಿದೆ, ಸೆಕೆಂಡ್. ಒತ್ತಿದೆ, ಫಸ್ಟ್. ಪಕ್ಕದ ಸ್ಕೂಟರಿನವನು ಎರಡೂ ಕೈ ಬಿಟ್ಟು ಆರಾಮಾಗಿ ಮೊಬೈಲ್ ನೋಡ್ತಾ ನನ್ನ ಕಾಲಿನ ಭರತನಾಟ್ಯವನ್ನೂ ಒಮ್ಮೆ ನೋಡಿದ. ಟೈಮರ್ 5ಕ್ಕೆ ಬಂದಾಗ ಮೀಟರಿನಲ್ಲಿ ಹಸಿರು ದೀಪ ಹತ್ತಿತು. ಸಿಕ್ಕಿತು ನ್ಯೂಟ್ರಲ್! ಆದ್ರೆ ಈಗ ಯಾರಿಗೆ ಬೇಕು ಅದು...

ಸುಮಾರು ಒಂದು ವರ್ಷ ನಾನು ಹೀಗೇ ಓಡಾಡಿದೆ. ಹತ್ತು ವರ್ಷದ ಹಳೇ ಗಾಡಿ, ವಯಸ್ಸಾಯ್ತು, ಹಟ ಮಾಡುತ್ತೆ ಅಂದ್ಕೊಂಡಿದ್ದೆ. ಆಫೀಸಿನ ಗೆಳೆಯರ ಹತ್ತಿರ ಹೇಳ್ಕೊಂಡು ನಗ್ತಾನೂ ಇದ್ದೆ. ಸೌತ್ ಎಂಡ್ ಸರ್ಕಲ್ ಹತ್ತಿರ ಆಗಿದ್ದನ್ನ ಮಾತ್ರ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಮನೇಲೂ ಹೇಳಿಲ್ಲ.

ಸಂಜೆ ನಾಲ್ಕರ ಸಮಯ. ಝೀಬ್ರಾ ಪಟ್ಟಿಯ ಅಂಚಿಗೇ ಬಂದು ನಿಂತಿದ್ದೆ. ಮಾಮೂಲಿ ಒದ್ದಾಟ ನಡೀತಾ ಇತ್ತು. ಇಳಿಬಿಸಿಲು ಮೀಟರಿನ ಗಾಜಿನ ಮೇಲೆ ಬಿದ್ದು ಹಸಿರು ದೀಪ ಹತ್ತಿದ ಹಾಗೆ ಕಂಡಿತು. ಕೈ ನೋಯ್ತಾ ಇತ್ತು, ಕ್ಲಚ್ ಬಿಟ್ಟುಬಿಟ್ಟೆ.

ಗಾಡಿ ಫಸ್ಟ್ ಗೇರಲ್ಲೇ ಇತ್ತು. ಒಂದು ಮೊಳ ಮುಂದಕ್ಕೆ ಹಾರಿ ಆಫ್ ಆಯ್ತು. ಸರಿಯಾಗಿ ಅದೇ ಹೊತ್ತಿಗೆ ಒಬ್ಬ ಅಜ್ಜ ಶಾಲೆ ಯೂನಿಫಾರ್ಮಿನ ಪುಟ್ಟ ಹುಡುಗಿಯ ಕೈ ಹಿಡ್ಕೊಂಡು ನನ್ನ ಮುಂದೆ ದಾಟ್ತಾ ಇದ್ರು. ಮುಂದಿನ ಚಕ್ರ ಆ ಮಗುವಿನ ಬ್ಯಾಗಿಗೆ ತಗುಲಿತು. ಬ್ಯಾಗಿಗೆ ಮಾತ್ರ. ಅವಳ ಕೈಲಿದ್ದ ನೀರಿನ ಬಾಟಲಿ ಬಿದ್ದು ಉರುಳ್ಕೊಂಡು ಹೋಯ್ತು. ಅಜ್ಜ ಅವಳನ್ನ ಎಳ್ಕೊಂಡು, "ಏನಪ್ಪಾ ಇದು, ಕೆಂಪು ದೀಪ ಇದ್ಯಲ್ಲಪ್ಪಾ" ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು. ನಾನು ಇಳಿದು ಬಾಟಲಿ ಎತ್ತಿಕೊಟ್ಟು ಸಾರಿ ಅಂದೆ. "ನ್ಯೂಟ್ರಲ್ ಅಂದ್ಕೊಂಡೆ ಸಾರ್" ಅಂತ ಅವರಿಗೆ ಹೇಗೆ ಹೇಳೋದು? ಅಷ್ಟರಲ್ಲಿ ಹಿಂದಿನಿಂದ ಹಾರನ್ ಶುರುವಾಯ್ತು.

ಮಾರನೇ ದಿನ ಬೆಳಿಗ್ಗೆ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಗಾಡೀನ ಸೆಂಟರ್ ಸ್ಟಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಫಸ್ಟ್ ಗೇರ್ ಹಾಕಿದ. ಹಿಂದಿನ ಚಕ್ರ ಜೋರಾಗಿ ತಿರುಗೋಕೆ ಶುರು ಮಾಡಿತು. ಬ್ರೇಕ್ ಒತ್ತಿದ, ಇಂಜಿನ್ ಉಸಿರು ಕಟ್ಟಿದ ಹಾಗೆ ಆಯ್ತು. "ಕ್ಲಚ್ ಪೂರ್ತಿ ಹಿಡಿದಿದ್ದೀನಿ ಸಾರ್, ಆದ್ರೂ ಪ್ಲೇಟ್ ಬಿಡ್ತಾ ಇಲ್ಲ ನೋಡಿ" ಅಂದ.

ವಿಷಯ ಇಷ್ಟೇ. ನಮ್ಮ ಬೈಕುಗಳ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಲ್ಲೇ ಮುಳುಗಿರುತ್ವೆ. ಲಿವರ್ ಎಳೆದಾಗ ಅವು ಒಂದರಿಂದ ಒಂದು ಬಿಡಿಸ್ಕೋಬೇಕು. ಕೇಬಲ್ ಸಡಿಲ ಆದ್ರೆ ನಾವು ಎಳೆಯೋದರಲ್ಲಿ ಅರ್ಧ ಆ ಸಡಿಲಕ್ಕೇ ಖರ್ಚಾಗಿ ಪ್ಲೇಟುಗಳು ಪೂರ್ತಿ ಬಿಡೋಲ್ಲ. ಆಯಿಲ್ ಹಳೇದಾಗಿದ್ರೂ ಅಂಟ್ಕೊಳ್ಳುತ್ವೆ. ಆಗ ಇಂಜಿನ್ ಗೇರ್‌ಬಾಕ್ಸನ್ನ ಸ್ವಲ್ಪ ಸ್ವಲ್ಪ ತಳ್ತಾನೇ ಇರುತ್ತೆ. ಗೇರುಗಳನ್ನ ಒಂದಕ್ಕೊಂದು ಕಚ್ಚಿ ಹಿಡಿಸೋ ಹಲ್ಲುಗಳ ಮೇಲೆ ಆ ಒತ್ತಡ ಇರೋ ತನಕ ಅವು ಬಿಟ್ಕೊಡಲ್ಲ. ನಾವು ಜೋರು ಮಾಡಿದರೆ ಒಮ್ಮೆಲೇ ಬಿಟ್ಟು ಸೀದಾ ಸೆಕೆಂಡಿಗೆ ಹಾರುತ್ತೆ, ಯಾಕಂದ್ರೆ ಫಸ್ಟ್ ಮತ್ತು ಸೆಕೆಂಡ್ ನಡುವೆ ನ್ಯೂಟ್ರಲ್‌ಗೆ ಇರೋದು ಅರ್ಧ ಹೆಜ್ಜೆಯಷ್ಟು ಜಾಗ. ಇದಕ್ಕೆ ಕವಾಸಾಕಿಯವರು ಒಂದು ಉಪಾಯ ಮಾಡಿದ್ದಾರೆ. ಅವರ ಬಹಳಷ್ಟು ಬೈಕುಗಳ ಗೇರ್‌ಬಾಕ್ಸ್ ಒಳಗೆ ಸಣ್ಣ ಉಕ್ಕಿನ ಗುಂಡುಗಳಿರುತ್ವೆ. ಗಾಡಿ ನಿಂತಿದ್ದಾಗ ಅವು ಅಡ್ಡ ಬಂದು ಸೆಕೆಂಡಿಗೆ ಹೋಗೋಕೇ ಬಿಡಲ್ಲ. ಓಡುವಾಗ ತಿರುಗೋ ರಭಸಕ್ಕೆ ಪಕ್ಕಕ್ಕೆ ಸರೀತವೆ. ಫಸ್ಟಿನಿಂದ ಎತ್ತಿದರೆ ನ್ಯೂಟ್ರಲ್ಲೇ! ನಮ್ಮ ಗಾಡಿಗೆ ಆ ಭಾಗ್ಯ ಇಲ್ಲ.

ಮೆಕ್ಯಾನಿಕ್ ಕೇಬಲ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದ. ಲಿವರ್ ಹತ್ತಿರದ ತುದೀಲಿ ನಾಲ್ಕೈದು ಎಳೆ ಕಿತ್ತು ಪೊರಕೆ ಕಡ್ಡಿ ಹಾಗೆ ಎದ್ದಿದ್ವು. "ಸಿಗ್ನಲ್ಲಲ್ಲಿ ಹಿಡ್ಕೊಂಡು ನಿಂತಿರೋವಾಗ ಇದು ಕಿತ್ತಿದ್ರೆ ಸಾರ್?" ಅಂದ. ಬಾಟಲಿ ಉರುಳಿದ್ದು ಕಣ್ಣ ಮುಂದೆ ಬಂತು. ಸುಮ್ಮನಿದ್ದೆ. ಹೊಸ ಕೇಬಲ್, ಹೊಸ ಆಯಿಲ್, ಲಿವರ್ ಬುಡದಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಬಿಟ್ಟು ಟೈಟ್ ಮಾಡಿದ. ಪೂರ್ತಿ ಬಿಗಿ ಮಾಡಿದ್ರೆ ಪ್ಲೇಟ್ ಜಾರುತ್ತಂತೆ. ಅರ್ಧ ಗಂಟೆ ಕೆಲಸ. ಇದಕ್ಕೆ ನಾನು ಒಂದು ವರ್ಷ ಸೋಮಾರಿತನ ಮಾಡಿದ್ದೆ.

ಅಪ್ಪನ ಹತ್ತಿರ ಮೈಸೂರಲ್ಲೇ ತಯಾರಾದ ಯೆಜ್ಡಿ ಇತ್ತು, ಕಿಕ್ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗೋ ಗಾಡಿ. ನನಗೆ ಬೈಕ್ ಕಲಿಸುವಾಗ ಅಪ್ಪ ಒಂದು ಮಾತು ಹೇಳಿದ್ರು, "ಗಾಡಿ ಇನ್ನೂ ಉರುಳ್ತಾ ಇರೋವಾಗಲೇ ಸೆಕೆಂಡಿಂದ ಮೆಲ್ಲಗೆ ನ್ಯೂಟ್ರಲ್‌ಗೆ ತಂದುಬಿಡು, ನಿಂತ ಮೇಲೆ ಅದರ ಕಾಲು ಹಿಡೀಬೇಡ." ಚಕ್ರ ತಿರುಗ್ತಾ ಇದ್ರೆ ಒಳಗಿನ ಹಲ್ಲುಗಳೂ ಸಡಿಲವಾಗಿ ಜಾರುತ್ವೆ, ಕಾರಣ ಅದು. ಅಪ್ಪ ಕಾರಣ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಈಗ ಹಾಗೇ ಮಾಡ್ತೀನಿ. ಸಿಗದೇ ಹೋದ್ರೆ ಕ್ಲಚ್ ಒಂಚೂರು ಬಿಟ್ಟು ಮತ್ತೆ ಹಿಡಿದು ಎತ್ತಿದ್ರೆ ಸಾಮಾನ್ಯವಾಗಿ ಸಿಗುತ್ತೆ. ಹಸಿರು ದೀಪವನ್ನ ಮಾತ್ರ ನಂಬಲ್ಲ. ಬ್ರೇಕ್ ಒತ್ತಿಕೊಂಡೇ ಕ್ಲಚ್ಚನ್ನ ನಿಧಾನಕ್ಕೆ, ಒಂದೊಂದೇ ಬೆರಳು ಬಿಡ್ತೀನಿ. ಹಿಂದೆ ಕೂತ ಹೆಂಡತಿ "ಏನ್ರೀ, ಅದೇನು ಅಷ್ಟು ಹುಷಾರು ಇತ್ತೀಚೆಗೆ?" ಅಂತ ಕೇಳಿದಳು. "ಹೊಸ ಕೇಬಲ್ ಕಣೇ" ಅಂದೆ.

ನಿಮ್ಮ ಗಾಡಿಗೂ ನ್ಯೂಟ್ರಲ್ ಬೀಳ್ತಾ ಇಲ್ಲ ಅಂದ್ರೆ ದಯವಿಟ್ಟು ನಗಬೇಡಿ. ನಾಳೇನೇ ಕೇಬಲ್ ತೋರಿಸಿ.