ಕರೆಂಟು ಹೋಗಿ ಬಂದರೆ ಈ ಚಿಪ್ ಏನು ಮಾಡುತ್ತದೆ?

ಮೂರು ಫೇಸ್‌ನಲ್ಲಿ ಒಂದು ಹೋದರೆ ಬೋರ್‌ವೆಲ್ ಮೋಟರ್ ಸುಡುತ್ತದೆ ಅನ್ನೋದನ್ನ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನ ಮೋಟರ್ ಎರಡು ಸಲ ವೈಂಡಿಂಗ್‌ಗೆ ಹೋಗಿತ್ತು. ಹಾಗಾಗಿ ಇಂಜಿನಿಯರಿಂಗ್ ಕಾಲೇಜೊಂದರ ಹುಡುಗರು ಮೋಟರ್ ಕಾಯುವ ಪೆಟ್ಟಿಗೆ ಮಾಡಿದ್ದಾರೆ ಎಂದು ಗೊತ್ತಾದಾಗ ನಾವು ಬೈಕ್ ಹತ್ತಿದೆವು. ಹಿಂದೆ ದೊಡ್ಡಪ್ಪನೂ ಕೂತರು. ದಾರಿಯಲ್ಲೇ ಶೀರ್ಷಿಕೆ ತಯಾರಾಗಿತ್ತು: 'ರೈತರಿಗೆ ವರದಾನ'.

ಪೆಟ್ಟಿಗೆಯಲ್ಲಿ ಇದ್ದದ್ದು ಎಫ್‌ಪಿಜಿಎ ಎಂಬ ಚಿಪ್. "ಇದರಲ್ಲಿ ಪ್ರೋಗ್ರಾಂ ಓಡುತ್ತಾ?" ಅಂತ ಕೇಳಿದೆವು.

"ಓಡಲ್ಲ ಸರ್. ನಾವು ಬರೆದಿದ್ದು ಇದರೊಳಗೆ ಸರ್ಕ್ಯೂಟೇ ಆಗುತ್ತೆ" ಎಂದ ಒಬ್ಬ ಹುಡುಗ.

ಮಾಮೂಲಿ ಮೈಕ್ರೋಕಂಟ್ರೋಲರ್ ಒಂದಾದ ಮೇಲೊಂದು ಆಜ್ಞೆ ಪಾಲಿಸುತ್ತದೆ. ಎಫ್‌ಪಿಜಿಎಯಲ್ಲಿ ಸಾವಿರಾರು ಪುಟ್ಟ ಲಾಜಿಕ್ ಘಟಕಗಳು ಖಾಲಿ ಕೂತಿರುತ್ತವೆ. ಯಾವುದಕ್ಕೆ ಯಾವುದು ಜೋಡಣೆಯಾಗಬೇಕು ಅನ್ನೋದನ್ನ ವೆರಿಲಾಗ್‌ನಂಥ ಭಾಷೆಯಲ್ಲಿ ಬರೆಯಬೇಕು. ಕ್ಸೈಲಿಂಕ್ಸ್ ಕಂಪನಿ 1985ರಲ್ಲಿ ತಂದ ಮೊದಲ ಚಿಪ್‌ನಲ್ಲಿ ಇಂಥವು 64 ಇದ್ದವಂತೆ. ಹುಡುಗರ ಚಿಪ್‌ನಲ್ಲಿ ಮೂರು ಫೇಸ್‌ಗೆ ಮೂರು ಬೇರೆ ಸರ್ಕ್ಯೂಟ್. ಮೂರೂ ಒಟ್ಟಿಗೇ ಕಾಯುತ್ತವೆ.

ಒಂದು ಫೇಸ್ ತೆಗೆದರು, ರಿಲೇ ಬಿತ್ತು, ಮೋಟರ್ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ದೊಡ್ಡಪ್ಪ ಮಾತ್ರ ಕೇಳಿದರು: "ತಮ್ಮಾ, ಪೂರಾ ಕರೆಂಟ್ ಹೋಗಿ ಬಂದ್ರ ಏನ್ ಮಾಡ್ತೈತಿ?"

ಲ್ಯಾಬಿನಲ್ಲಿ ಯುಪಿಎಸ್ ಇತ್ತು. ಅಲ್ಲಿ ಕರೆಂಟ್ ಹೋಗಿದ್ದೇ ಇಲ್ಲ. ಆ ಫೇಸ್ ಹಾಗೇ ತೆಗೆದಿಟ್ಟು, ಪೆಟ್ಟಿಗೆಯ ಪ್ಲಗ್ ಕಿತ್ತು ಮತ್ತೆ ಹಾಕಿದರು. 'ಟಕ್' ಅಂತು ರಿಲೇ. ಒಂದು ಫೇಸ್ ಇಲ್ಲದಿದ್ದರೂ ಮೋಟರ್ ಒಂದು ಕ್ಷಣ ಗುಂಯ್‌ಗುಟ್ಟಿತು. ಹುಡುಗರ ಮುಖ ಸಣ್ಣದಾಯಿತು.

ಕಾರಣವನ್ನು ಅವರ ಮೇಡಂ ಬಿಡಿಸಿ ಹೇಳಿದರು. ಈ ಜಾತಿಯ ಹೆಚ್ಚಿನ ಚಿಪ್‌ಗಳಿಗೆ ಕರೆಂಟ್ ಹೋದರೆ ಎಲ್ಲಾ ಮರೆತುಹೋಗುತ್ತದೆ. ಮತ್ತೆ ಬಂದಾಗ ಪಕ್ಕದ ಮೆಮೊರಿ ಚಿಪ್‌ನಿಂದ ಜೋಡಣೆಯನ್ನೆಲ್ಲ ಓದಿಕೊಳ್ಳಬೇಕು. ಸೆಕೆಂಡಿನ ಸಣ್ಣ ಪಾಲು ಸಾಕು. ಆದರೆ ಅಷ್ಟು ಹೊತ್ತು ಅದರ ಕಾಲುಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಚಿಪ್‌ನೊಳಗಿನ ಸಣ್ಣ ಎಳೆತಕ್ಕೇ ರಿಲೇ ಆನ್ ಆಗಿಬಿಟ್ಟಿತ್ತು. ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿಬರುವ ಹೊಲದಲ್ಲಿ ಇದರ ಗತಿ ಏನು?

ಮದ್ದು ದೊಡ್ಡದೇನಲ್ಲ. ಆ ಕಾಲಿನಿಂದ ಗ್ರೌಂಡ್‌ಗೆ ಒಂದು ರೂಪಾಯಿ ಆಸುಪಾಸಿನ ರೆಸಿಸ್ಟರ್ ಹಾಕಿದರು. ಮೂರೂ ಫೇಸ್ ಕೆಲವು ಸೆಕೆಂಡ್ ಸರಿಯಿದ್ದರೆ ಮಾತ್ರ ಮೋಟರ್ ಹತ್ತಲಿ ಎಂದು ವೆರಿಲಾಗ್‌ನಲ್ಲಿ ಸೇರಿಸಿದರು. ಮತ್ತೆ ಪ್ಲಗ್ ಕಿತ್ತು ಹಾಕಿದಾಗ ರಿಲೇ ಸುಮ್ಮನಿತ್ತು.

ಮೇಡಂ ಇನ್ನೊಂದು ಮಾತೂ ಹೇಳಿದರು. ಇಷ್ಟು ಕೆಲಸಕ್ಕೆ ಕಡಿಮೆ ಬೆಲೆಯ ಮೈಕ್ರೋಕಂಟ್ರೋಲರ್ ಸಾಕು. ಹುಡುಗರು ಎಫ್‌ಪಿಜಿಎ ಹಿಡಿದದ್ದು ಕಲಿಯಲಿಕ್ಕೆ.

ವಾಪಸ್ ಬಂದು ನಾವು 'ವರದಾನ' ತೆಗೆದು, 'ವಿದ್ಯಾರ್ಥಿಗಳ ಪ್ರಯೋಗ' ಎಂದು ಬರೆದೆವು. ಸುದ್ದಿ ಚಿಕ್ಕದಾಗಿ ಬಂತು. ಮೊದಲಿನಂತೆ ಬರೆದಿದ್ದರೆ, ನಮ್ಮನ್ನು ನಂಬಿ ಯಾರಾದರೂ ಅಂಥ ಪೆಟ್ಟಿಗೆ ಕೂರಿಸಿ ಮೋಟರ್ ಸುಟ್ಟುಕೊಳ್ಳುತ್ತಿದ್ದರೇನೋ.

ನಿಮ್ಮೂರಿಗೂ ಯಾರಾದರೂ ಹೊಸ ಪೆಟ್ಟಿಗೆ ತಂದು ತೋರಿಸಿದರೆ, ಕೊಳ್ಳುವ ಮೊದಲು ಒಂದು ಸಲ ಮೇನ್ ಸ್ವಿಚ್ ಆಫ್ ಮಾಡಿ ಹಾಕಿಸಿ ನೋಡಿ.